237 ಆಟ, ಮೂರರ ಅಂತರ

1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಒಂದೇ ಒಂದು ಪೂಲ್ ಪಂದ್ಯ ಮೂರು ದಿನ ನಡೆಯಿತು. ಟೇಬಲ್ಲಿನ ಒಂದು ಬದಿಗೆ ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್, ಇನ್ನೊಂದು ಬದಿಗೆ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಆಟ ನೈನ್‌ಬಾಲ್. ಮೊದಲು 120 ಆಟ ಗೆದ್ದವರಿಗೆ ಒಂದು ಲಕ್ಷ ಡಾಲರ್. ರೇಯಸ್ 120 ಮುಟ್ಟಿದಾಗ ಸ್ಟ್ರಿಕ್‌ಲ್ಯಾಂಡ್ 117ರಲ್ಲಿದ್ದರು.

ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಯಾವ ಕೌಶಲವೂ ಬೇಡದೆ ಬರೀ ನಾಣ್ಯ ಚಿಮ್ಮಿ 237 ಆಟಗಳ ಸೋಲುಗೆಲುವು ತೀರ್ಮಾನಿಸಿದ್ದರೂ ಸರಾಸರಿ ಹನ್ನೆರಡರಷ್ಟು ಅಂತರ ಬರುತ್ತಿತ್ತು. ಇಲ್ಲಿ ಬಂದದ್ದು ಮೂರು. ಅಂದರೆ ಮೂರು ದಿನ ಆಡಿಯೂ, ಒಂದು ಲಕ್ಷ ಡಾಲರ್ ಕೈ ಬದಲಿಸಿಯೂ, ಇವರಿಬ್ಬರಲ್ಲಿ ಯಾರ ಕೈ ಮೇಲು ಎಂಬ ಪ್ರಶ್ನೆಗೆ ಗಣಿತ ಉತ್ತರ ಕೊಡಲಿಲ್ಲ. ನೂರಕ್ಕೆ 51 ಆಟ ಗೆಲ್ಲುವವರು 49 ಗೆಲ್ಲುವವರಿಗಿಂತ ಮೇಲು ಎಂದು ಭರವಸೆಯಿಂದ ಹೇಳಬೇಕಾದರೆ ಸುಮಾರು 10,000 ಆಟ ಬೇಕು. ಹಾಂಗ್‌ಕಾಂಗ್‌ನ ಗತಿಯಲ್ಲಿ, ದಿನಕ್ಕೆ 79 ಆಟದಂತೆ, ಒಂದು ದಿನವೂ ಬಿಡದೆ ನಾಲ್ಕು ತಿಂಗಳು!

ಇಷ್ಟೊಂದು ಅದೃಷ್ಟ ಎಲ್ಲಿಂದ ಬರುತ್ತದೆ? ಸ್ವಲ್ಪ ನಿಯಮದಿಂದಲೇ. ನೈನ್‌ಬಾಲ್‌ನಲ್ಲಿ ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರಿನ ಚೆಂಡಿಗೆ ಬಿಳಿ ಚೆಂಡು ಮೊದಲು ತಾಗಬೇಕು. ಅಷ್ಟಾದರೆ ಸಾಕು, ಆಮೇಲೆ ಯಾವ ಚೆಂಡು ಯಾವ ಪಾಕೆಟ್ಟಿಗೆ ಬಿದ್ದರೂ ಸರದಿ ಮುಂದುವರಿಯುತ್ತದೆ. 9ನೇ ನಂಬರು ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಗುರಿಯಿಟ್ಟು ಹಾಕಿದ್ದೋ, ತಾನಾಗಿ ಉರುಳಿಕೊಂಡು ಹೋದದ್ದೋ ಎಂದು ಯಾರೂ ಕೇಳುವುದಿಲ್ಲ. ಕೇರಂ ಆಡಿದವರಿಗೆ ಇದು ಹೊಸದಲ್ಲ: ಬೋರ್ಡ್ ಒಡೆದಾಗ ತಾನಾಗಿ ಬಿದ್ದ ಕಾಯಿಯೂ ಕಾಯಿಯೇ. ಈ ಪುಕ್ಕಟೆ ಲಾಭವನ್ನು ತಡೆಯಲೆಂದೇ ಟೆನ್‌ಬಾಲ್‌ನಲ್ಲಿ ಯಾವ ಚೆಂಡು, ಯಾವ ಪಾಕೆಟ್ಟು ಎಂದು ಮೊದಲೇ ಹೇಳಿ ಹೊಡೆಯಬೇಕು.

ನಿಯಮಕ್ಕಿಂತ ದೊಡ್ಡ ಪಾಲು ಚೆಂಡಿನ ದುಂಡಗಿನ ಮೈಯಲ್ಲೇ ಅಡಗಿದೆ. ವೃತ್ತಿಪರರ ಟೇಬಲ್ಲಿನ ಆಡುವ ಜಾಗ 254 ಸೆಂಟಿಮೀಟರ್ ಉದ್ದ, 127 ಅಗಲ. ಚೆಂಡಿನ ವ್ಯಾಸ 57.15 ಮಿಲಿಮೀಟರ್. ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು 114 ಮಿಲಿಮೀಟರ್. ಎಷ್ಟೋ ದೊಡ್ಡ ಪಂದ್ಯಗಳಲ್ಲಿ ಇನ್ನೂ ಕಿರಿದು. ಬಿಳಿ ಚೆಂಡಿನಿಂದ ಗುರಿಯ ಚೆಂಡಿಗೆ ಒಂದು ಮೀಟರ್, ಅಲ್ಲಿಂದ ಪಾಕೆಟ್ಟಿಗೆ ಇನ್ನೊಂದು ಮೀಟರ್, ಮೂರೂ ಒಂದೇ ಗೆರೆಯಲ್ಲಿ ಎಂದುಕೊಳ್ಳಿ. ನೋಡುವವರಿಗೆ ಇದು ಸಲೀಸು. ಗುರಿಯ ಚೆಂಡು ಎಡಕ್ಕೋ ಬಲಕ್ಕೋ ಒಂದೂವರೆ ಡಿಗ್ರಿಗಿಂತ ಚೂರು ಹೆಚ್ಚು ವಾಲಿದರೂ ಪಾಕೆಟ್ಟಿಗೆ ಬೀಳುತ್ತದೆ. ಆದರೆ ದುಂಡಗಿನ ಎರಡು ಚೆಂಡು ತಾಗಿದಾಗ ಹೊಡೆತದಲ್ಲಿದ್ದ ತಪ್ಪು ಹಿಗ್ಗುತ್ತದೆ, ಈ ದೂರದಲ್ಲಿ ಸುಮಾರು 17 ಪಟ್ಟು. ಹಾಗಾಗಿ ಕೋಲು ಹಿಡಿದವರ ಪಾಲಿಗೆ ಉಳಿಯುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಟೇಬಲ್ ಮೇಲೆ ಊರಿದ ಕೈಯಿಂದ ಮುಕ್ಕಾಲು ಮೀಟರ್ ಹಿಂದಿರುವ ಕೈ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ವಾಪಸು.

ಒಂದು ಡಿಕ್ಕಿಗೆ 17 ಪಟ್ಟಾದರೆ ಅಂಥ ಎರಡಕ್ಕೆ 289. ಐದಕ್ಕೆ 14 ಲಕ್ಷ. ಬ್ರಿಸ್ಟಲ್‌ನ ಭೌತವಿಜ್ಞಾನಿ ಮೈಕೆಲ್ ಬೆರ್ರಿ 1978ರಲ್ಲಿ ಈ ಲೆಕ್ಕವನ್ನು ಕೊನೆಯವರೆಗೂ ಬೆನ್ನುಹತ್ತಿದರು. ಒಂದಾದ ಮೇಲೊಂದು ಸುಮಾರು ಒಂಬತ್ತು ಡಿಕ್ಕಿಯಾದ ಮೇಲೆ ಚೆಂಡು ಯಾವ ಕಡೆ ಹೋಗುತ್ತದೆಂದು ಹೇಳಬೇಕಾದರೆ ಟೇಬಲ್ ಪಕ್ಕ ನಿಂತ ಮನುಷ್ಯನ ಮೈಯ ಗುರುತ್ವಾಕರ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆಟ ಶುರುಮಾಡುವ ಬ್ರೇಕ್ ಹೊಡೆತದಲ್ಲಿ ಹತ್ತು ಚೆಂಡುಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅದಕ್ಕೂ ಮೊದಲು, 1ನ್ನು ಮುಂದೆ, 9ನ್ನು ನಡುವೆ ಇಟ್ಟು ಉಳಿದ ಏಳನ್ನು ಜೋಡಿಸಲು 5,040 ದಾರಿಗಳಿವೆ.

ಇಲ್ಲಿಗೆ ಬಂದಾಗ ಪಳಗಿದ ಕೈಗೆ ಕೆಲಸವೇ ಇಲ್ಲ ಅನ್ನಿಸಬಹುದು. ಆದರೆ ಆಟಗಾರರು ಬ್ರೇಕನ್ನೂ ಬಿಡಲಿಲ್ಲ. 2001ರ ನೈನ್‌ಬಾಲ್ ಯುಎಸ್ ಓಪನ್‌ನಲ್ಲಿ ಕೋರಿ ಡ್ಯೂಯೆಲ್ ಎಲ್ಲರಂತೆ ಬಲಹಾಕಿ ಒಡೆಯದೆ ಮೆಲ್ಲಗೆ ಒಡೆದು, ಚೆಂಡುಗಳು ಎಲ್ಲಿ ನಿಲ್ಲಬೇಕೆಂಬುದನ್ನೂ ಅಂಕೆಗೆ ತಂದುಕೊಂಡು ಪ್ರಶಸ್ತಿ ಗೆದ್ದರು. ಮುಂದೆ ಚೆಂಡುಗಳನ್ನು ಕೂದಲೆಳೆಯ ಸಂದೂ ಇಲ್ಲದಂತೆ ಜೋಡಿಸುವ ತೆಳು ಪ್ಲಾಸ್ಟಿಕ್ ಹಾಳೆ ಬಂತು. ಸಂದಿಲ್ಲದ ಜೋಡಣೆಯಲ್ಲಿ ಅಂಚಿನ ಚೆಂಡು ಹೆಚ್ಚು ಕಡಿಮೆ ಪ್ರತಿ ಸಲ ಅದೇ ಮೂಲೆಗೆ ಓಡುತ್ತದೆ. ಆಗ ಆಯೋಜಕರು ಟೇಬಲ್ ಮೇಲೆ 1ನೇ ಚೆಂಡು ಕೂರುತ್ತಿದ್ದ ಗುರುತಿಗೆ 9 ಬರುವಂತೆ ಇಡೀ ಜೋಡಣೆಯನ್ನು ಮುಂದಕ್ಕೆ ಸರಿಸಿದರು, ಮೆಲ್ಲಗೆ ಒಡೆಯದಂತೆ ನಿಯಮ ಮಾಡಿದರು. ಆಟಗಾರರು ಹೊರದಬ್ಬಿದ ಅದೃಷ್ಟವನ್ನು ನಿಯಮ ಮಾಡುವವರು ಕರೆದು ತಂದು ಮತ್ತೆ ಕೂರಿಸಿದರು. ನನ್ನ ಮಟ್ಟಿಗೆ ಅದು ಸರಿಯಾದ ಕೆಲಸ. ಬ್ರೇಕ್ ಪೂರ್ತಿ ಕೈವಶವಾದರೆ ಎದುರಾಳಿ ಕುರ್ಚಿಯಲ್ಲಿ ಕೂತು ನೋಡುವುದಷ್ಟೇ ಉಳಿಯುತ್ತದೆ.

ಪಂದ್ಯಾವಳಿಯ ಗಣಿತ ಇನ್ನೂ ನಿಷ್ಕರುಣಿ. ಯಾರ ಎದುರೇ ಆಗಲಿ ನೂರಕ್ಕೆ 55 ಆಟ ಗೆಲ್ಲುವ ಆಟಗಾರನೊಬ್ಬನಿದ್ದಾನೆ ಅನ್ನಿ. ವೃತ್ತಿಪರರ ನಡುವೆ ಅದು ದೊಡ್ಡ ಮೇಲುಗೈ. ಐದು ಆಟ ಮೊದಲು ಗೆಲ್ಲಬೇಕಾದ ಪಂದ್ಯ ಅವನದಾಗುವ ಸಾಧ್ಯತೆ ಶೇ. 62, ಹದಿಮೂರರದ್ದಾದರೆ ಶೇ. 69, ಹಾಂಗ್‌ಕಾಂಗ್‌ನಂತೆ 120ರದ್ದಾದರೆ ಶೇ. 94. ಈಗ 128 ಆಟಗಾರರ ನಾಕೌಟ್‌ಗೆ ಅವನನ್ನು ಇಳಿಸಿ. ಹದಿಮೂರು ಆಟದ ಏಳು ಪಂದ್ಯಗಳನ್ನು ಸತತವಾಗಿ ಗೆಲ್ಲಬೇಕು. ಎಲ್ಲರಿಗಿಂತ ಮೇಲಾದ ಆ ಆಟಗಾರ ಕಪ್ ಎತ್ತುವ ಸಾಧ್ಯತೆ ನೂರಕ್ಕೆ ಸುಮಾರು ಎಂಟು. ಅವನು 55ನ್ನು 60ಕ್ಕೆ ಏರಿಸಿಕೊಂಡರೆ ಆ ಎಂಟು 31 ಆಗುತ್ತದೆ. ನೂರರಲ್ಲಿ ಐದು ಆಟದ ಸುಧಾರಣೆಗೆ ಸುಮಾರು ನಾಲ್ಕು ಪಟ್ಟು ಫಲ!

ಪಕ್ಕದ ಆಟವಾದ ಬಿಲಿಯರ್ಡ್ಸ್‌ನಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಸಾಧನೆಯನ್ನು ಈ ಬೆಳಕಿನಲ್ಲೇ ನೋಡಬೇಕು. ವಿಶ್ವ ಬಿಲಿಯರ್ಡ್ಸ್‌ನಲ್ಲಿ ಸಣ್ಣ ಸಣ್ಣ ಆಟಗಳ ಪಾಯಿಂಟ್ ಮಾದರಿ ಒಂದು, ಗಂಟೆಗಟ್ಟಲೆ ಆಡಿಸುವ ಟೈಮ್ ಮಾದರಿ ಇನ್ನೊಂದು. ಮೊದಲನೆಯದರಲ್ಲಿ ಅದೃಷ್ಟಕ್ಕೆ ಸಂದು ಹೆಚ್ಚು. 2005ರಲ್ಲಿ ಮಾಲ್ಟಾದಲ್ಲಿ ಅವರು ಎರಡನ್ನೂ ಒಟ್ಟಿಗೆ ಗೆದ್ದರು. 2008, 2014, 2018ರಲ್ಲಿ ಮತ್ತೆ ಎರಡನ್ನೂ ಗೆದ್ದರು.

ಸ್ಟ್ರಿಕ್‌ಲ್ಯಾಂಡ್ ಅವರಿಗೆ 1996 ಇನ್ನೊಂದು ಕಾರಣಕ್ಕೂ ಮರೆಯದ ವರ್ಷ. ಡಲ್ಲಾಸ್‌ನ ಪಂದ್ಯಾವಳಿಯೊಂದರಲ್ಲಿ, ಎದುರಾಳಿಗೆ ಸರದಿಯನ್ನೇ ಕೊಡದೆ ಸತತ ಹತ್ತು ಆಟ ಮುಗಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದು ಸಾರಿದ್ದರು. ಆ ಹಣಕ್ಕೆ ವಿಮೆ ಮಾಡಿಸಿದ್ದರು. ಸ್ಟ್ರಿಕ್‌ಲ್ಯಾಂಡ್ ಹನ್ನೊಂದು ಮುಗಿಸಿದರು. ಹಣದ ವಿಷಯ ವ್ಯಾಜ್ಯಕ್ಕೆ ಹೋಗಿ ರಾಜಿಯಲ್ಲಿ ಮುಗಿಯಿತು. ಇಂಥದಕ್ಕೆ ವಿಮೆಯ ಕಂತು ನಿಗದಿ ಮಾಡುವುದು ಎಷ್ಟು ಕಷ್ಟ ನೋಡಿ: ಹೀಗೆ ಒಂದು ಆಟ ಮುಗಿಸುವ ಸಾಧ್ಯತೆ ಶೇ. 30 ಎಂದುಕೊಂಡರೆ ಸತತ ಹತ್ತು ಬರುವುದು 1.7 ಲಕ್ಷದಲ್ಲಿ ಒಂದು ಸಲ. ಶೇ. 50 ಎಂದುಕೊಂಡರೆ 1,024ರಲ್ಲಿ ಒಂದು.

ಸ್ಟ್ರೈಟ್ ಪೂಲ್‌ನಲ್ಲಿ ಇಂಥ ಗುಣಾಕಾರ ಇನ್ನೂ ಎತ್ತರಕ್ಕೆ ಹೋಗುತ್ತದೆ. ಅಲ್ಲಿ ಪ್ರತಿ ಚೆಂಡನ್ನೂ ಹೇಳಿಯೇ ಹಾಕಬೇಕು, ತಪ್ಪುವವರೆಗೆ ಆಡಬಹುದು. 1954ರಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಿಲ್ಲಿ ಮಾಸ್ಕೋನಿ ಸತತ 526 ಚೆಂಡು ಹಾಕಿದರು. ನೂರಕ್ಕೆ 95 ಹೊಡೆತ ತಪ್ಪದವರು ಊರಿನ ಕ್ಲಬ್ಬಿನಲ್ಲಿ ರಾಜರಾಗಿ ಮೆರೆಯಬಹುದು. ಅವರಿಗೆ 526 ದಕ್ಕುವುದು 52 ಸಾವಿರ ಕೋಟಿ ಪ್ರಯತ್ನಗಳಲ್ಲಿ ಒಮ್ಮೆ. 98 ತಪ್ಪದವರಿಗೆ 41 ಸಾವಿರದಲ್ಲಿ ಒಮ್ಮೆ. 99 ತಪ್ಪದವರಿಗೆ ಇನ್ನೂರರಲ್ಲಿ ಒಮ್ಮೆ. 95ರಿಂದ 99ಕ್ಕೆ ಏರುವ ನಾಲ್ಕು ಮೆಟ್ಟಿಲಲ್ಲಿ ಅಸಾಧ್ಯವಾದದ್ದು ಒಂದು ವರ್ಷದ ಹಟದ ಕೆಲಸವಾಗುತ್ತದೆ. ಅಷ್ಟಾದರೂ ಇನ್ನೂರರಲ್ಲಿ ಆ ಒಂದು ಯಾವ ದಿನ ಬರುತ್ತದೆಂದು ಮಾಸ್ಕೋನಿಯಂಥವರಿಗೂ ತಿಳಿಯುವಂತಿಲ್ಲ. ಅವರ ಅಂಕಿಯನ್ನು ದಾಟಲು 65 ವರ್ಷ ಬೇಕಾಯಿತು: 2019ರಲ್ಲಿ ಜಾನ್ ಶ್ಮಿಟ್ 626 ಹಾಕಿದರು. 2022ರಲ್ಲಿ ಸ್ಕಾಟ್‌ಲೆಂಡಿನ ಜೇಸನ್ ಶಾ 714 ಮುಟ್ಟಿದರು. ಅಲ್ಲಿಗೆ 99 ಕೂಡ ಸಾಲದು, 1,300 ಪ್ರಯತ್ನ ಬೇಕು. ನಾಲ್ಕು ಪ್ರಯತ್ನಕ್ಕೊಂದು ಸಲ 714 ಬರಬೇಕಾದರೆ ಸಾವಿರ ಹೊಡೆತದಲ್ಲಿ 998 ತಪ್ಪಬಾರದು.