ಹೊಂಡದ ನಡುವ ಒಂದು ತಿಟ್ಟು ಬಿಡ್ರಿ

ರಂಗನತಿಟ್ಟಿನ ನಡುಗಡ್ಡೆಗಳು ತಾವಾಗೇ ಆದವಲ್ಲ. 17ನೇ ಶತಮಾನದಾಗ ಕಾವೇರಿಗೆ ಅಡ್ಡ ಕಟ್ಟಿದ ಒಡ್ಡಿನಿಂದ ಆದವು. ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಅದು ಪಕ್ಷಿಧಾಮ ಆಯ್ತು. ಭದ್ರಾ ಜಲಾಶಯದಾಗೂ ಬೇಸಿಗೆಗೆ ನೀರಿಳಿದಾಗ ಏಳುವ ದಿಬ್ಬದ ಮ್ಯಾಲೆ ನದಿ ರೀವ, ಅಂದ್ರೆ ರಿವರ್ ಟರ್ನ್, ಬರೀ ನೆಲದಾಗ ಮೊಟ್ಟೆ ಇಡ್ತದ. ಸುತ್ತ ನೀರಿದ್ರೆ ನಾಯಿ, ನರಿ, ಮುಂಗುಸಿ ಕಾಟ ಕಮ್ಮಿ, ಅಷ್ಟೇ ಗುಟ್ಟು.

ಕಲಬುರಗಿ, ಕಮಲಾಪುರ ಕಡೆ ಕೆರೆ-ಹೊಂಡದ ಹೂಳೆತ್ತುವಾಗ ಎಲ್ಲಾ ಮಣ್ಣು ಹೊರಗ ಹಾಕಬ್ಯಾಡ್ರಿ. ನಡುವ ಒಂದು ದಿಬ್ಬ ಬಿಟ್ಟು, ಮ್ಯಾಲೆ ಗರಸು ಹರಡ್ರಿ. ಹೊಂಡ ತುಂಬಿ ಕೋಡಿ ಬಿದ್ರೂ ದಿಬ್ಬ ಒಂದು ಮೊಳ ಮ್ಯಾಲಿರಬೇಕು, ಇಲ್ಲಾಂದ್ರೆ ಮೊದಲ ಮಳೆಗೇ ಮೊಟ್ಟೆ ತೇಲಿಹೋಗ್ತಾವ. ದಂಡಿಗೆ ಕೂಡಿಸಿದ್ರೆ ಅದು ದ್ವೀಪ ಅಲ್ಲ, ನಾಯಿಗೆ ದಾರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಕ್ಕ ಮಣ್ಣು ಸುರಿಯಬ್ಯಾಡ್ರಿ. ಬಾಯಿ ಮುಚ್ಚಿದ ಖಾಲಿ ಡ್ರಮ್ ಮ್ಯಾಲೆ ಹಲಗೆ ಕಟ್ಟಿ, ಗರಸು ಹಾಕಿ ತೇಲಿಬಿಡಬಹುದು. ಔಷಧದ ಡ್ರಮ್ ಮಾತ್ರ ಬ್ಯಾಡ.

ಮೀನು ಸಾಕ್ತಿದ್ರೆ ಇದು ನಿಮಗಲ್ಲ. ಬೆಳ್ಳಕ್ಕಿ, ನೀರುಕಾಗೆ ಲೆಕ್ಕ ಇಡಂಗಿಲ್ಲ.

ಲಾಭ ಏನು? ಮದ್ದೂರು ಹತ್ತಿರದ ಕೊಕ್ಕರೆಬೆಳ್ಳೂರಿನವರು ಗೂಡಿನ ಮರದ ಕೆಳಗಿನ ಹಿಕ್ಕೆಯನ್ನ ಗೊಬ್ಬರ ಮಾಡ್ಕೊಂಡಾರ. ಸಾರಜನಕ, ರಂಜಕ ಚೊಲೋ ಇರ್ತದ. ಹಸಿದು ಕೆಂಪು ಬಾಳೆ ಬುಡಕ್ಕ ಹಾಕಬ್ಯಾಡ್ರಿ, ಬೇರು ಸುಡ್ತದ. ತಿಪ್ಪಿಯಾಗ ಕೊಳೆಸಿ ಹಾಕ್ರಿ.

ಮೊಟ್ಟೆ ಕಂಡ್ರೆ ಮೊಬೈಲ್ ಹಿಡ್ಕೊಂಡು ಹತ್ರ ಹೋಗಬ್ಯಾಡ್ರಿ. ತಾಯಿ ಎದ್ದುಹೋದ್ರೆ ನಮ್ಮ ಮೇ ಬಿಸಿಲಿಗೆ ಮೊಟ್ಟೆ ಬೇಯ್ತಾವ. ದಂಡಿಮ್ಯಾಲೇ ನಿಂತು ಝೂಮ್ ಮಾಡ್ರಿ.