ತೂಗುವ ತಂತಿಯ ರೂಪಶಾಸ್ತ್ರ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಯಾತ್ರಿಕನು ಕೌದಳ್ಳಿಯನ್ನು ದಾಟುವಾಗ ಮಾದಪ್ಪನ ಸ್ಮರಣೆಯಲ್ಲಿ ಮಗ್ನನಾಗಿರುವುದು ಸಹಜವೇ. ರಸ್ತೆಬದಿಯ ವಿದ್ಯುತ್ ಕಂಬಗಳ ನಡುವಣ ತಂತಿಯು ನೆಟ್ಟಗಿರದೆ ತುಸು ಜೋತುಬಿದ್ದಿರುವುದೇಕೆಂದು ವಿಚಾರಿಸುವವರು ವಿರಳ. ಆ ಜೋಲು ಲೈನ್‌ಮನ್ನನ ಸೋಮಾರಿತನದ ಫಲವಲ್ಲ. ತೂಕವುಳ್ಳ ತಂತಿಯು ಎಷ್ಟೇ ಬಿಗಿದರೂ ಸರಳರೇಖೆಯಾಗದು. ಈ ಸೀಮೆಗೆ ಸಮೀಪದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳವರೆಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ತನ್ನು ಒಯ್ದ ಎಂಜಿನಿಯರರೂ ಕಂಬದಿಂದ ಕಂಬಕ್ಕೆ ಈ ನಿಯಮವನ್ನು ಮನ್ನಿಸಿಯೇ ಮುಂದುವರಿದರು.

ತನ್ನ ಭಾರದಿಂದಲೇ ಜೋಲುವ ಸರಪಣಿಯ ವಕ್ರವನ್ನು ಹೈಗೆನ್ಸ್, ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ 1691ರಲ್ಲಿ ಗಣಿತದಿಂದ ನಿರ್ಣಯಿಸಿದರು. ಅಂತಹ ಸರಪಣಿಗೆ ಅಥವಾ ಹಗ್ಗಕ್ಕೆ ಉದ್ದಕ್ಕೂ ಸಮಭಾರವುಳ್ಳ ನಡೆಹಾದಿಯನ್ನು ತೂಗುಹಾಕಿದರೆ ವಕ್ರವು ಪರವಲಯವಾಗುತ್ತದೆ. ನಮ್ಮ ನಾಡಿನಲ್ಲಿ ಈ ಶಾಸ್ತ್ರವನ್ನು ಹಳ್ಳಿಗರ ಉಪಯೋಗಕ್ಕೆ ತಂದವರು ಸುಳ್ಯದ ಗಿರೀಶ್ ಭಾರದ್ವಾಜರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದುದರಿಂದ ಮೊದಲ್ಗೊಂಡು ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಇಂತಹ ಸೇತುವೆಯ ಲೆಕ್ಕವನ್ನು ತುಸು ಬಿಡಿಸಿ ನೋಡೋಣ. ಹೊಳೆಯ ಅಗಲ 80 ಮೀಟರ್, ಮೀಟರಿಗೆ 300 ಕಿಲೋ ಭಾರ, ನಡುವಣ ಜೋಲು 8 ಮೀಟರ್ ಎಂದಿಟ್ಟುಕೊಂಡರೆ ಹಗ್ಗಗಳೆಲ್ಲ ಸೇರಿ ದಡವನ್ನು ಅಡ್ಡಲಾಗಿ ಎಳೆಯುವ ಬಲ 30 ಟನ್. ಅಂದವಾಗಿ ಕಾಣಲೆಂದು ಜೋಲನ್ನು 4 ಮೀಟರಿಗೆ ಇಳಿಸಿದೆವೋ, ಎಳೆತ 60 ಟನ್ನಿಗೆ ಏರುತ್ತದೆ. ಅಂದದ ಬೆಲೆ ಅಷ್ಟು ದುಬಾರಿ!

ಒಂಟಿ ಹಗ್ಗದ ಬದಲು ಹಗ್ಗಗಳ ಬಲೆಯನ್ನೇ ಛಾವಣಿಯಾಗಿ ಬಿಗಿಯಹೊರಟರೆ ವಿಷಯವು ಇನ್ನೂ ರಮ್ಯವಾಗುತ್ತದೆ. ಇಲ್ಲಿ ಶಿಲ್ಪಿಯು ಮೊದಲು ಆಕಾರವನ್ನು ಬರೆದು ಅನಂತರ ಹಗ್ಗವನ್ನು ಹೊಂದಿಸುವಂತಿಲ್ಲ. ಆಸರೆಗಳನ್ನೂ ಬಿಗುವನ್ನೂ ಅವನು ನಿಶ್ಚಯಿಸಬಹುದು, ರೂಪವು ಅವುಗಳಿಂದ ತಾನಾಗಿ ಲಭಿಸತಕ್ಕದ್ದು. ಜರ್ಮನಿಯ ಫ್ರೈ ಓಟೋ ಸಾಬೂನಿನ ಪೊರೆಗಳಲ್ಲಿಯೂ ಪುಟ್ಟ ಮಾದರಿಗಳಲ್ಲಿಯೂ ಅದನ್ನು ಅರಸಿದರು. 1972ರ ಮ್ಯೂನಿಕ್ ಒಲಿಂಪಿಕ್ ಛಾವಣಿಯ ಸಂದರ್ಭದಲ್ಲಿ ಲಿಂಕ್‌ವಿಟ್ಸ್ ಮತ್ತು ಶೆಕ್ ಎಂಬವರು ಗಣಕಯಂತ್ರಕ್ಕೆ ಒಗ್ಗುವ ಉಪಾಯವೊಂದನ್ನು ಕಂಡುಕೊಂಡರು. ಪ್ರತಿ ಹಗ್ಗದ ಬಲವನ್ನು ಅದರ ಉದ್ದದಿಂದ ಭಾಗಿಸಿ ಬರುವ ಅಂಕಿಯನ್ನು, ಅಂದರೆ ಬಲಸಾಂದ್ರತೆಯನ್ನು, ಮೊದಲೇ ಗೊತ್ತುಮಾಡಿಕೊಂಡರೆ ಜಟಿಲ ಸಮೀಕರಣಗಳು ಸರಳವಾಗುತ್ತವೆ. ನಾಲ್ಕು ಹಗ್ಗಗಳು ಕೂಡುವ ಗಂಟೊಂದನ್ನು ಭಾವಿಸಿ: ಎದುರುಬದುರಿನ ಎರಡು ತುದಿಗಳು 6 ಮೀಟರ್ ಎತ್ತರದಲ್ಲಿ, ಉಳಿದೆರಡು 2 ಮೀಟರ್ ಎತ್ತರದಲ್ಲಿವೆ. ಬಲಸಾಂದ್ರತೆ ನಾಲ್ಕಕ್ಕೂ ಸಮನಾಗಿದ್ದು ಹೊರಭಾರವಿಲ್ಲದಿದ್ದರೆ ಗಂಟು ನಿಲ್ಲುವುದು 4 ಮೀಟರಿನಲ್ಲಿ. ಎತ್ತರದ ಹಗ್ಗಗಳದನ್ನು ಇಮ್ಮಡಿಸಿದರೆ ಸುಮಾರು 4.67 ಮೀಟರಿಗೆ ಏರುತ್ತದೆ. ಒಂದು ದಿಕ್ಕಿನಲ್ಲಿ ಕೆಳಬಾಗಿ, ಇನ್ನೊಂದರಲ್ಲಿ ಮೇಲ್ಬಾಗುವ ಈ ವಿರುದ್ಧ ವಕ್ರತೆಯಿಂದಲೇ ಬಲೆಯು ಗಾಳಿಗೆ ಪಟಪಟಿಸದೆ ನಿಲ್ಲಬಲ್ಲದು.

ಮರಳಿ ತೂಗುಸೇತುವೆಗೆ ಬಂದರೆ, ಅದರ ಹಗ್ಗಗಳ ಸೆಳೆತವನ್ನೆಲ್ಲ ಕೊನೆಗೆ ಹೊರುವುದು ದಡದ ನೆಲದಲ್ಲಿ ಹುದುಗಿರುವ ಕಾಂಕ್ರೀಟಿನ ಲಂಗರು. ಹಗ್ಗದ ಮೇಲಿನ ತುಕ್ಕು ದಾರಿಹೋಕನಿಗೂ ಕಾಣುತ್ತದೆ, ಲಂಗರಿನ ಬುಡದ ಮಣ್ಣು ಕೊಚ್ಚಿಹೋದುದು ಕಾಣುವುದಿಲ್ಲ. ಆದುದರಿಂದ ತೂಗುಸೇತುವೆಯುಳ್ಳ ಗ್ರಾಮ ಪಂಚಾಯಿತಿಗಳವರು ಹಗ್ಗಕ್ಕೆ ಗ್ರೀಸು ಬಳಿಯಿಸಿದಷ್ಟಕ್ಕೆ ತೃಪ್ತರಾಗದೆ, ಪ್ರತಿ ಮಳೆಗಾಲ ಕಳೆದೊಡನೆ ತಿಳಿದವರಿಂದ ಲಂಗರುಗಳನ್ನು ಪರೀಕ್ಷೆ ಮಾಡಿಸಬೇಕು.