ಕಡಲಿಗೆ ಹೆಪ್ಪು ಹಾಕಿದವರು

ನಾನು ಹೋದದ್ದು ಒಂದು ಬಾಯಿ ನೋಡಲಿಕ್ಕೆ. ಬಾಯೊಳಗೆ ಇನ್ನೊಂದು ಬಾಯಿ ಇಟ್ಟುಕೊಂಡಿರುವ ಮೀನೊಂದು ಬೆಂಗಳೂರಿನ ಒಂದು ಮನೆಯಲ್ಲಿದೆ ಎಂದು ಗೆಳೆಯರು ಹೇಳಿದ್ದರು. ಬಾಗಿಲ ಮುಂದೆ ತುಳಸಿಕಟ್ಟೆ, ಜಗಲಿಯಲ್ಲಿ ಮಡಚಿಟ್ಟ ದಿನಪತ್ರಿಕೆ. ಒಳಗೆ ಕಾಲಿಟ್ಟರೆ ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಉದ್ದ ಎಂಟು ಅಡಿ, ಅಗಲ ಮೂರು, ಎತ್ತರ ಎರಡೂವರೆ. ಕಲ್ಲಿನ ಸಂದಿಯಿಂದ ಮೊಣಕೈ ಗಾತ್ರದ ತಲೆಯೊಂದು ಹೊರಗೆ ಚಾಚಿತ್ತು. ಬಿಳಿಯ ಮೈ, ಅದರ ತುಂಬ ಒತ್ತೊತ್ತಾಗಿ ಕಪ್ಪು ಮಚ್ಚೆಗಳು. ನಡುವೆ ಉಳಿದ ಬಿಳಿ ಗೆರೆಗಳೆಲ್ಲ ಸೇರಿ ಥೇಟ್ ಜೇನುಹುಟ್ಟು. ಅದು ನನ್ನತ್ತ ನೋಡುತ್ತ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸೂಜಿಯಂಥ ಹಲ್ಲು ಕಂಡವು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಹೆದರಬೇಡಿ ಮಾರಾಯ್ರೆ. ಅದು ಉಸಿರಾಡುವುದೇ ಹಾಗೆ" ಎಂದರು ಮಾಸ್ಟ್ರು.

ಉಡುಪಿ ಕಡೆಯವರು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. "ನನ್ನ ಹೆಸರು ಬೇಡ. ಬೇಕಾದರೆ ಇದರದ್ದು ಬರೆಯಿರಿ" ಎಂದು ಮೊದಲೇ ಮಾತು ತೆಗೆದುಕೊಂಡರು. ಮೀನಿನ ಹೆಸರು ಜೇನು.

ಜೇನು ಮೊರೆ ಈಲ್ ಎಂಬ ಹಾವುಮೀನಿನ ಜಾತಿ. ಕಡಲ ಮೊರೆತಕ್ಕೂ ಈ ಹೆಸರಿಗೂ ನಂಟಿರಬೇಕು ಎಂದುಕೊಂಡಿದ್ದೆ; ಹಾಗೇನಿಲ್ಲವಂತೆ, ಲ್ಯಾಟಿನ್ನಿನ ಹೆಸರು ಪೋರ್ಚುಗೀಸರ ಬಾಯಲ್ಲಿ ಸವೆದು ಬಂದದ್ದು. ಇವುಗಳಲ್ಲಿ ಸುಮಾರು 200 ಬಗೆ. ಮೈಮೇಲೆ ಹುರುಪೆ ಇಲ್ಲ, ಲೋಳೆ ಮಾತ್ರ. ಎದೆಯ ರೆಕ್ಕೆಯೂ ಇಲ್ಲ. ಬೇರೆ ಮೀನುಗಳಿಗೆ ಇರುವಂತೆ ಅಗಲವಾದ ಕಿವಿರಿನ ಮುಚ್ಚಳ ಇರದೆ, ಕತ್ತಿನ ಪಕ್ಕ ಒಂದು ಸಣ್ಣ ತೂತು ಇರುತ್ತದೆ. ಹಾಗಾಗಿ ಬಾಯಿಯಿಂದಲೇ ನೀರನ್ನು ಒತ್ತಿ ಒತ್ತಿ ಕಿವಿರಿಗೆ ಕಳಿಸಬೇಕು. ಜಗತ್ತೆಲ್ಲ ಹೆದರುವ ಆ ತೆರೆದ ಬಾಯಿ ಬರೀ ಉಸಿರು. ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ಬಹಳ ಚುರುಕು.

ಮಾಸ್ಟ್ರು ಮೊದಲ ಮೊರೆಯನ್ನು ನೋಡಿದ್ದು ಹತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ. ಸೋದರಮಾವ ಅಲ್ಲಿ ಉಡುಪಿ ಹೋಟೆಲಿನಲ್ಲಿದ್ದರು. ರಜೆಗೆಂದು ಹೋದ ಹುಡುಗನನ್ನು ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯಕ್ಕೆ ಕರೆದುಕೊಂಡು ಹೋದರು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದ ಕಟ್ಟಡ ಅದು. "ಮಾವ ಆಮೆ ನೋಡು, ಆಮೆ ನೋಡು ಎನ್ನುತ್ತಿದ್ದರು. ನಾನು ಈ ಬಾಯಿಯ ಎದುರಿಂದ ಕದಲಲೇ ಇಲ್ಲ." ಆ ಮತ್ಸ್ಯಾಲಯದ ಬಾಗಿಲು ಈಗ ಮುಚ್ಚಿದೆ. ಅದಕ್ಕೂ ಮೊದಲಿನದು, 1909ರಲ್ಲಿ ಮದ್ರಾಸಿನ ಮರೀನಾ ತೀರದಲ್ಲಿ ತೆರೆದ ಮತ್ಸ್ಯಾಲಯ, ಎರಡನೆಯ ಮಹಾಯುದ್ಧದ ಕಾಲಕ್ಕೇ ಮುಗಿದುಹೋಯಿತು.

ಮೊರೆ ಸಾಕುವ ಚಟ ಇನ್ನೂ ಹಳೆಯದು. ಪ್ರಾಚೀನ ರೋಮಿನ ಸಿರಿವಂತರು ಕಡಲಂಚಿನಲ್ಲಿ ಕೊಳ ಕಟ್ಟಿಸಿ ಇವನ್ನು ಸಾಕುತ್ತಿದ್ದರು. ಹಿರ್ರಿಯಸ್ ಎಂಬವನು ಸೀಸರನ ವಿಜಯದ ಔತಣಕ್ಕೆ 6000 ಮೊರೆಗಳನ್ನು ಕೊಟ್ಟನೆಂದೂ, ಆಂಟೋನಿಯಾ ಎಂಬ ರಾಜಮನೆತನದ ಹೆಣ್ಣುಮಗಳು ತನ್ನ ಮೊರೆಗೆ ಓಲೆ ತೊಡಿಸಿದ್ದಳೆಂದೂ ಪ್ಲಿನಿ ಬರೆದಿಟ್ಟಿದ್ದಾನೆ. ಮಾಸ್ಟ್ರಿಗೆ ಇದೆಲ್ಲ ಬಾಯಿಪಾಠ. ಆದರೆ ಅವರ ಲೆಕ್ಕ ಬೇರೆ: "ಅವರಿಗೆ ಕಡಲು ಪಕ್ಕದಲ್ಲೇ ಇತ್ತು. ಕಾಲುವೆ ತೋಡಿದರೆ ನೀರು ಬರುತ್ತಿತ್ತು. ನಾನು ಕಡಲನ್ನೇ ಮಾಡಬೇಕಿತ್ತು."

ಮಾಡಿದ್ದು ಹೀಗೆ. ಮೊದಲು ನೆಲ. ಆ ತೊಟ್ಟಿಗೆ ಸುಮಾರು 1700 ಲೀಟರ್ ನೀರು ಬೇಕು, ಅದರ ತೂಕವೇ ಒಂದೂ ಮುಕ್ಕಾಲು ಟನ್ನಿನ ಹತ್ತಿರ. ಆಮೇಲೆ ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು. ಮಹಡಿಯ ಮೇಲೆ ಇದನ್ನು ಇಡುವ ಮಾತೇ ಬೇಡ ಎಂದು ನಡುಮನೆಯನ್ನೇ ಬಿಟ್ಟುಕೊಟ್ಟರು. ಗಾಜಿನ ದಪ್ಪ ಲೆಕ್ಕ ಹಾಕುವಾಗ ಅವರೊಳಗಿನ ಮಾಸ್ಟ್ರು ಎದ್ದು ಕೂತರು. ಗಾಜಿನ ಮೇಲಿನ ಒತ್ತಡ ನೀರಿನ ಆಳದಿಂದ ಬರುತ್ತದೆ, ತೊಟ್ಟಿ ಎಷ್ಟು ಹಿಂದಕ್ಕೆ ಚಾಚಿದೆ ಎಂಬುದರಿಂದಲ್ಲ. ಅದಕ್ಕೇ ಎತ್ತರ ಕಡಿಮೆ ಮಾಡಿ ಅಗಲ ಹೆಚ್ಚಿಸಿದರು. ಮೊರೆಗೂ ಬೇಕಾದದ್ದು ಹರಿದಾಡುವ ನೆಲ, ಎತ್ತರವಲ್ಲ.

ಆಮೇಲೆ ಉಪ್ಪು. ಲೀಟರಿಗೆ 35 ಗ್ರಾಂ ಎಂದರೆ ಮೊದಲ ಸಲಕ್ಕೇ 60 ಕಿಲೋ. ಅಡುಗೆ ಉಪ್ಪು ನಡೆಯುವುದಿಲ್ಲ. ಕಡಲ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡುಗಳ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟು ಎಲ್ಲ ಇರಬೇಕು. ಅಂಥ ಮಿಶ್ರಣವನ್ನು ಆರ್‌ಓ ನೀರಿಗೆ ಕದಡಿ, ಸಾಂದ್ರತೆ ಅಳೆಯುತ್ತ ಎರಡು ದಿನ ಕಳೆದರು. ಅಡಿಗೆ ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಮೊರೆ ಅಡಿಯಲ್ಲಿ ತೋಡುತ್ತದೆ, ಕಲ್ಲು ಜಾರಿ ಗಾಜಿಗೋ ಮೀನಿಗೋ ಬಡಿಯುತ್ತದೆ. ಗಟ್ಟಿ ಹವಳ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಅವರು ಮುಟ್ಟಲಿಲ್ಲ. ತೂತುತೂತಿನ ಸೆರಾಮಿಕ್ ಇಟ್ಟಿಗೆ, ನಡುವೆ ಹುದುಗಿಸಿದ ಪಿವಿಸಿ ಪೈಪು. ಜೇನು ಮಲಗುವುದು ಪೈಪಿನಲ್ಲೇ.

ತೊಟ್ಟಿ ಸಿದ್ಧವಾದರೂ ಆರು ವಾರ ಅದರೊಳಗೆ ಒಂದು ಮೀನಿರಲಿಲ್ಲ. ಬಂದವರೆಲ್ಲ "ಮೀನೆಲ್ಲಿ?" ಎಂದು ಕೇಳುತ್ತಿದ್ದರು. ಮೀನಿನ ಹೇಲು, ಉಳಿದ ತಿಂಡಿ ಎಲ್ಲ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಈ ಕಣ್ಣಿಗೆ ಕಾಣದ ಸಂಸಾರ ನೆಲೆಯೂರುವ ತನಕ ನೀರು ಬರೀ ಉಪ್ಪುನೀರು. ಮಾಸ್ಟ್ರು ಗೆಳೆಯರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಫಿಲ್ಟರಿನ ಚೂರು ತಂದು ಹಾಕಿದರು. ಅವರು ಹೆಂಡತಿಗೆ ನೈಟ್ರೋಜನ್ ಚಕ್ರ ವಿವರಿಸುತ್ತಿದ್ದಾಗ ಆಕೆ ಅರ್ಧಕ್ಕೇ ತಡೆದರಂತೆ: "ಹೆಪ್ಪು ಹಾಕಿದ್ದು ಅಂತ ಹೇಳಿದರೆ ಸಾಲದೇ? ಮೊಸರಾಗುವ ತನಕ ಅಲ್ಲಾಡಿಸಬಾರದು, ಅಷ್ಟೇ." ಇಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ ಎಂದು ಮಾಸ್ಟ್ರು ಈಗಲೂ ಹೇಳುತ್ತಾರೆ.

ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ, ಅದರಲ್ಲಿ ಪಂಪು, ನೊರೆ ತೆಗೆಯುವ ಸ್ಕಿಮ್ಮರ್. ಮಾಂಸ ತಿನ್ನುವ ದೊಡ್ಡ ಮೀನು ನೀರನ್ನು ಬೇಗ ಕೆಡಿಸುತ್ತದೆ; ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿನ ಕೊಳೆನೊರೆ ತೆಗೆದಂತೆ ಈ ಯಂತ್ರ ಹಗಲೂ ರಾತ್ರಿ ನೊರೆ ಎತ್ತುತ್ತದೆ. ಬೇಸಿಗೆಗೆ ಚಿಲ್ಲರ್, ಕರೆಂಟು ಹೋದರೆ ಇನ್ವರ್ಟರ್. ತಿಂಗಳಿಗೊಮ್ಮೆ ಐದನೆಯ ಒಂದು ಪಾಲು ನೀರು ಬದಲು.

ಇಷ್ಟೆಲ್ಲ ಕೇಳುತ್ತಿದ್ದರೂ ನನ್ನ ಕಣ್ಣು ಆ ಬಾಯಿಯ ಮೇಲೇ. ಸಂಜೆ ಐದಕ್ಕೆ ಊಟದ ಹೊತ್ತು. ವಾರಕ್ಕೆ ಎರಡೇ ಸಲ. ಬಂಗುಡೆ ತುಂಡು, ಬೊಂಡಾಸ್, ಸಿಗಡಿ, ಸರದಿಯ ಮೇಲೆ. ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇರುವುದರಿಂದ ಒಂದನ್ನೇ ಪ್ರತಿ ಸಲ ಹಾಕುವಂತಿಲ್ಲ. ಕೈಯಲ್ಲಂತೂ ಕೊಡಲೇಬಾರದು, ಮಂದಗಣ್ಣಿನ ಮೀನಿಗೆ ಬಂಗುಡೆಯ ವಾಸನೆ ಬಡಿಯುವ ಬೆರಳೂ ಬಂಗುಡೆಯೇ. ಮಾಸ್ಟ್ರು ಎರಡಡಿ ಉದ್ದದ ಇಕ್ಕಳದಲ್ಲಿ ಬೊಂಡಾಸಿನ ತುಂಡು ಹಿಡಿದು ಇಳಿಸಿದರು.

ಜೇನು ಮೂಗು ಆಡಿಸಿತು. ಒಮ್ಮೆಗೇ ಮುನ್ನುಗ್ಗಿ ಕಚ್ಚಿತು. ಮುಂದಿನದು ಕಣ್ಣೆವೆ ಬಡಿಯುವಷ್ಟರಲ್ಲಿ ಮುಗಿಯಿತು: ಹಿಡಿದ ತುಂಡು ಗಂಟಲಿನೊಳಗೆ ಎರಡು ಸಲ ಜಗ್ಗಿದಂತೆ ಸರಿದು ಮಾಯ.

"ಈಗ ನೋಡಿದಿರಲ್ಲ, ಎಳೆದದ್ದು ಯಾರು?" ಎಂದು ಕೇಳಿದರು ಮಾಸ್ಟ್ರು, ತರಗತಿಯಲ್ಲಿ ಕೇಳುವಂತೆ.

ಹೆಚ್ಚಿನ ಮೀನುಗಳು ಬಾಯನ್ನು ಥಟ್ಟನೆ ಹಿಗ್ಗಿಸಿ ನೀರಿನ ಸಮೇತ ಬೇಟೆಯನ್ನು ಹೀರಿಕೊಳ್ಳುತ್ತವೆ. ಮೊರೆ ಬದುಕುವುದು ಬಂಡೆಯ ಬಿರುಕಿನಲ್ಲಿ. ಅಲ್ಲಿ ತಲೆ ಹಿಗ್ಗಿಸಲು ಜಾಗವೆಲ್ಲಿ? ಅದಕ್ಕೆಂದೇ ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆ, ಅದರಲ್ಲೂ ಬಾಗಿದ ಹಲ್ಲು. ಮುಂದಿನ ಬಾಯಿ ಕಚ್ಚಿ ಹಿಡಿದ ಕೂಡಲೇ ಹಿಂದಿನ ದವಡೆ ಗಂಟಲಿನಿಂದ ಮುಂದಕ್ಕೆ ಹಾರಿ ಬಂದು, ಬೇಟೆಯನ್ನು ಕಚ್ಚಿ, ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಇದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ಜಗತ್ತಿಗೆ ತೋರಿಸಿದವರು ಕ್ಯಾಲಿಫೋರ್ನಿಯಾದ ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್, 2007ರಲ್ಲಿ. "ಬಾವಿಯಿಂದ ಕೊಡ ಸೇದುವಾಗ ಎಂತ ಮಾಡುತ್ತೇವೆ?" ಮಾಸ್ಟ್ರು ಗಾಳಿಯಲ್ಲೇ ಹಗ್ಗ ಎಳೆದು ತೋರಿಸಿದರು. "ಒಂದು ಕೈ ಹಿಡಿದಿರುತ್ತದೆ, ಇನ್ನೊಂದು ಮುಂದೆ ಹೋಗಿ ಹಿಡಿದು ಎಳೆಯುತ್ತದೆ. ಎರಡೂ ಒಟ್ಟಿಗೆ ಬಿಡುವುದೇ ಇಲ್ಲ. ಅದೇ ಇದು." 2021ರಲ್ಲಿ ಅದೇ ಮೆಹ್ತಾ ಮತ್ತು ಕೈಲ್ ಡೊನೊಹೋ ಇನ್ನೊಂದು ಜಾತಿಯ ಮೊರೆಗಳು ಇಳಿಜಾರು ಹಲಗೆ ಹತ್ತಿ, ನೀರಿನ ಹೊರಗೇ ತುಂಡು ಹಿಡಿದು ನುಂಗುವುದನ್ನು ದಾಖಲಿಸಿದರು. ಹೀರಲು ನೀರು ಬೇಕು, ಸೇದಲು ಬೇಡ.

ನೀರಿನ ಹೊರಗೆ ಎಂಬ ಮಾತು ಬಂದಾಗ ಮಾಸ್ಟ್ರ ಸ್ವರ ಇಳಿಯಿತು. ಜೇನಿಗಿಂತ ಮೊದಲು, ಸಣ್ಣ ತೊಟ್ಟಿಯಲ್ಲಿ ಒಂದು ಪುಟ್ಟ ಮೊರೆ ಇತ್ತು. ಮುಚ್ಚಳದಲ್ಲಿ ಪೈಪಿಗೆಂದು ಬಿಟ್ಟ ಸಂದಿ ಎರಡು ಬೆರಳಿನಷ್ಟು ಅಗಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಖಾಲಿ. ಕಪಾಟಿನ ಹಿಂದೆ ಒಣಗಿ ಬಿದ್ದಿತ್ತು. "ಮನೆಯಲ್ಲಿ ಹಾವು ಬೇಡ" ಎಂದು ಮೊದಲ ದಿನದಿಂದ ಹೇಳುತ್ತಿದ್ದ ಹೆಂಡತಿಯೇ ಅದನ್ನು ಬಾಳೆಎಲೆಯಲ್ಲಿ ಸುತ್ತಿ ತುಳಸಿಕಟ್ಟೆಯ ಪಕ್ಕ ಮಣ್ಣು ಮಾಡಿದರಂತೆ. ಹೊಸ ತೊಟ್ಟಿಯ ಮುಚ್ಚಳಕ್ಕೆ ನಾಲ್ಕು ಕ್ಲಿಪ್ಪು. ಪೈಪಿನ ಸುತ್ತ ಜಾಳಿಗೆ.

ಜೇನು ಬಂದು ಒಂಬತ್ತು ವರ್ಷ. ಬಂದಾಗ ಗೇಣುದ್ದ, ಈಗ ನಾಲ್ಕು ಅಡಿ ದಾಟಿದೆ. ಈ ಜಾತಿ ಆರಡಿ ಬೆಳೆಯುವುದು ಸಾಮಾನ್ಯ, ಹತ್ತಡಿಯವರೆಗೂ ಹೋಗಬಹುದು. ಅಂಗಡಿಯಲ್ಲಿ ಗೇಣುದ್ದದ ಮರಿ ನೋಡಿ ಆಸೆಪಟ್ಟು ಒಯ್ಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಇನ್ನೂ ಒಂದು ಮಾತಿದೆ. ಮೊರೆಯ ಮರಿ ಮೊದಲು ಎಲೆಯಂತೆ ತೆಳ್ಳಗೆ, ಗಾಜಿನಂತೆ ಪಾರದರ್ಶಕವಾಗಿ, ತೆರೆದ ಕಡಲಿನಲ್ಲಿ ತಿಂಗಳುಗಟ್ಟಲೆ ತೇಲುತ್ತದೆ. ತೊಟ್ಟಿಯಲ್ಲಿ ಆ ಬಾಲ್ಯ ಕಟ್ಟಿಕೊಡುವುದು ಆಗದ ಮಾತು. ಹಾಗಾಗಿ ಅಂಗಡಿಗೆ ಬರುವ ಮೊರೆಗಳು ಕಡಲಿನಿಂದ ಹಿಡಿದು ತಂದವೇ.

ಕಳೆದ ವರ್ಷ ಹಳೆಯ ಶಿಷ್ಯನೊಬ್ಬ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಬಂದ. ನೀರಿನಡಿಯಲ್ಲಿ ತೆಗೆದ ವಿಡಿಯೊ ಕಳಿಸಿದ. ಬಂಡೆಯ ಬಿರುಕಿನಲ್ಲಿ ಒಂದು ಮೊರೆ, ಅದರ ತೆರೆದ ಬಾಯಿಯೊಳಗೆ ಕಡ್ಡಿಯಂಥ ಸಿಗಡಿಯೊಂದು ಹಲ್ಲು ಶುಚಿ ಮಾಡುತ್ತ ಓಡಾಡುತ್ತಿತ್ತು. ಮಾಸ್ಟ್ರು ಅದನ್ನು ನನಗೂ ತೋರಿಸಿದರು. ಬಹಳ ಹೊತ್ತು ಫೋನು ಕೆಳಗಿಡಲಿಲ್ಲ.

"ಅಲ್ಲಿ ಮುಚ್ಚಳ ಇಲ್ಲ" ಎಂದರು.

ಇನ್ನೊಂದು ಮೊರೆ ತರುವುದಿಲ್ಲ ಎಂದು ಅಂದೇ ತೀರ್ಮಾನಿಸಿದರಂತೆ. ಊರಿನ ಕಡೆಯ ಮಕ್ಕಳಿಗೆ ತಮ್ಮದೇ ಕಡಲಿನ ಮೀನು ತೋರಿಸುವ ಒಂದು ಒಳ್ಳೆಯ ಮತ್ಸ್ಯಾಲಯ ಕರಾವಳಿಯಲ್ಲೇ ಬೆಳೆಯಬೇಕು, ಕಡಲ ನೀರೇ ಹರಿದು ಬರುವಂಥದ್ದು. ಮನೆಮನೆಯಲ್ಲಿ ಕಡಲು ಮಾಡುವುದು ಬೇಡ ಎಂಬುದು ಅವರ ಈಗಿನ ಮಾತು. ನನಗೂ ಅದು ಸರಿ ಎನಿಸಿತು. ಆದರೆ ಜೇನನ್ನು ಈಗ ಕಡಲಿಗೆ ಬಿಡುವಂತಿಲ್ಲ. ತೊಟ್ಟಿಯ ರೋಗವೊಂದು ಜೊತೆಗೆ ಹೋದರೆ ಅಲ್ಲಿನವಕ್ಕೆ ಕೇಡು. ಮೊರೆಗಳು ದಶಕಗಳ ಕಾಲ ಬದುಕುತ್ತವೆ. ಮಾಸ್ಟ್ರಿಗೆ ಎಪ್ಪತ್ತು ದಾಟಿದೆ, ಈಚೆಗೆ ಕೈ ಸ್ವಲ್ಪ ನಡುಗುತ್ತದೆ.

ಹೊರಡುವಾಗ ಕತ್ತಲಾಗಿತ್ತು. ಮಾಸ್ಟ್ರ ಹೆಂಡತಿ ಅಡುಗೆಮನೆಯ ದೀಪ ಆರಿಸಿ, ಸೆರಗಿಗೆ ಕೈ ಒರೆಸುತ್ತ ಬಂದು, ತೊಟ್ಟಿಯ ಮುಚ್ಚಳದ ನಾಲ್ಕೂ ಕ್ಲಿಪ್ಪನ್ನು ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಹೋಗಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದರು. ಪೈಪಿನೊಳಗಿಂದ ಜೇನು ಉಸಿರಾಡುತ್ತಿತ್ತು.